ಅಗ್ರಿಮೆಂಟಿನಲ್ಲಿ ಇಲ್ಲದ ಸಿಗಡಿ ಚಟ್ನಿ

ನಾನು ಸಸ್ಯಾಹಾರಿಯಾದದ್ದು ಡೊಂಬಿವಲಿಯ ಒಂದು ಲಿಫ್ಟಿನಲ್ಲಿ, ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ. ನನ್ನನ್ನು ಯಾರೂ ಕೇಳಲಿಲ್ಲ. ಮನೆ ತೋರಿಸಲು ಬಂದಿದ್ದ ಬ್ರೋಕರ್ ಫೋನಿನಿಂದ ಕಣ್ಣೆತ್ತದೆ ನಮ್ಮವರಿಗೆ, "ಫ್ಯಾಮಿಲಿ ವೆಜ್ ಹೈ ನಾ?" ಎಂದ. ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ದ ನಮ್ಮವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಲಿಫ್ಟಿನ ಸೂರು ನೋಡಿದರು, "ಹಾಂ ಹಾಂ, ಪ್ಯೂರ್ ವೆಜ್" ಎಂದರು. ಬಾಗಿಲು ತೆರೆಯುವಷ್ಟರಲ್ಲಿ ನನ್ನ ಬಂಗುಡೆ, ಬೂತಾಯಿ, ನಂಗು, ಕಾಣೆ ಮೀನುಗಳೆಲ್ಲ ಮುಗಿದಿದ್ದವು.

ನಮ್ಮ ಕುಂದಾಪುರದ ಕಡೆ ಮನೆ ಬಾಡಿಗೆಗೆ ಕೇಳಲು ಹೋದರೆ "ನೀವು ಯಾರ ಪೈಕಿ?" ಎನ್ನುತ್ತಾರೆ. ಅದೇನು ಬಹಳ ಒಳ್ಳೆಯ ಪ್ರಶ್ನೆಯಲ್ಲ. ಅದರ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಇಲ್ಲಿಯವರು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ತೊಂದರೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. ವಿಚಿತ್ರವೆಂದರೆ ಡೊಂಬಿವಲಿ ಮೀನು ತಿನ್ನದ ಊರೇನಲ್ಲ. ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಮೀನು ಮಾರುಕಟ್ಟೆ; ಸಂಜೆ ಆಫೀಸಿನಿಂದ ಬರುವ ಹೆಂಗಸರು ಒಂದು ಕೈಯಲ್ಲಿ ಮೆಂತೆಸೊಪ್ಪು, ಇನ್ನೊಂದು ಕೈಯಲ್ಲಿ ಬೊಂಬಿಲ್ ಮೀನು ಹಿಡಿದು ರಿಕ್ಷಾ ಹತ್ತುತ್ತಾರೆ. ನಮಗೆ ಸಿಕ್ಕಿದ ಕಟ್ಟಡ ಮಾತ್ರ ಹಾಗಿರಲಿಲ್ಲ. ಅಲ್ಲಿನ ಸೊಸೈಟಿ, ಎಂದರೆ ಫ್ಲ್ಯಾಟಿನ ಮಾಲೀಕರೆಲ್ಲ ಸೇರಿ ಮಾಡಿಕೊಂಡ ಸಂಘ, ಈರುಳ್ಳಿ ಹುರಿದರೂ ಮೂಗು ಅರಳಿಸುವಂಥದ್ದು.

ಬಾಡಿಗೆ ಕರಾರಿಗೆ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಎನ್ನುತ್ತಾರೆ. ಹನ್ನೊಂದು ತಿಂಗಳಿನದು. ಹನ್ನೊಂದನೆಯ ತಿಂಗಳಿಗೆ ನಾವು ಹೊಸ ಮದುಮಕ್ಕಳ ಹಾಗೆ ತಲೆ ತಗ್ಗಿಸಿಕೊಂಡು ಮಾಲೀಕರ ಎದುರು ನಿಲ್ಲಬೇಕು. ನಮ್ಮ ಮಾಲೀಕರು ನಮ್ಮ ಊರ ಕಡೆಯವರೇ, ಉಡುಪಿಯ ದಿವಾಕರಣ್ಣ. ಠಾಣೆ ಊರಿನ ಮಾಜಿವಾಡಾದಲ್ಲಿ ಅವರದ್ದು ಹೋಟೆಲು. ಬಂಗುಡೆ ತವಾ ಫ್ರೈಗೆ ಹೆಸರಾದ ಹೋಟೆಲು. ದೂರದಿಂದ ಕಾರಿನಲ್ಲಿ ಬಂದು ಕಾದು ನಿಂತು ತಿಂದು ಹೋಗುತ್ತಾರೆ. ಆ ಬಂಗುಡೆಯ ದುಡ್ಡಿನಲ್ಲಿ ಕೊಂಡ ಫ್ಲ್ಯಾಟಿನಲ್ಲಿ ಬಂಗುಡೆ ಮಾಡಬಾರದು ಎಂಬುದು ನಮ್ಮ ಕರಾರಿನ ಒಂದು ಕಲಮು.

ನಾನು ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ವಾಪಸು ಬಂದವಳು. ಅಂಥವಳು ಸೊಸೈಟಿಯ ಮೂಗಿಗೆ ಮೋಸ ಮಾಡುವುದುಂಟೆ? ಊರಿನಲ್ಲಿ ಗೋಡಂಬಿ ಕಾರ್ಖಾನೆ ಮುಚ್ಚಿ, ಅಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮವರಿಗೆ ಬೇಲಾಪುರದಲ್ಲಿ ಒಂದು ಕ್ಯಾಂಟೀನ್ ಕಂಪನಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿ, ಈ ವಯಸ್ಸಿನಲ್ಲಿ ನಾವು ಇಲ್ಲಿಗೆ ಬಂದದ್ದು. ಅವರು ಬೆಳಕು ಹರಿಯುವಾಗ ಹೊರಟರೆ ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರ ಮುಟ್ಟಿ, ಬರುವಾಗ ಮಾತಾಡುವ ಶಕ್ತಿಯನ್ನು ಗಾಡಿಯಲ್ಲೇ ಬಿಟ್ಟು ಬರುತ್ತಿದ್ದರು. ನಾನು ಹಗಲೆಲ್ಲ ನಾಲ್ಕು ಗೋಡೆಗಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ತರಕಾರಿಯವಳಿಗೆ ನಾನು ಹಿಂದಿ ಹೇಳಿದರೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಿದ್ದಳು; ನಾನು ಕಷ್ಟಪಟ್ಟು ಮರಾಠಿ ಕಲಿತು ಹೋದ ದಿನ ಅವಳು ಹಿಂದಿಗೆ ಬದಲಾದಳು.

ಆ ಒಂಟಿತನಕ್ಕೆ ಇಲ್ಲಿನ ಕನ್ನಡ ಸಂಘದ ವೆಬ್‌ಸೈಟಿನಲ್ಲಿ ಆಗಾಗ ಬರೆಯತೊಡಗಿದೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯ, ಎಂದರೆ ಬೋಗಿಯ ಬಗ್ಗೆ, ನಳ್ಳಿಯಲ್ಲಿ ನೀರು ಬರುವ ಹೊತ್ತಿನ ಬಗ್ಗೆ. ಜನ "ಸೂಪರ್ ಮೇಡಂ" ಎಂದು ಹೂವಿನ ಚಿತ್ರ ಕಳಿಸುತ್ತಿದ್ದರು. ಧೈರ್ಯ ಬಂತು. ಒಂದು ದಿನ ಒಣ ಸಿಗಡಿ ಚಟ್ನಿಯ ಬಗ್ಗೆ ಬರೆದೆ. ಇಲ್ಲಿ ಒಣ ಸಿಗಡಿಗೆ ಸುಕಟ್ ಎನ್ನುತ್ತಾರೆ. ಕಾವಲಿಯಲ್ಲಿ ಹುರಿದು, ಕಾಯಿತುರಿ, ಹುಣಸೆ, ಒಣಮೆಣಸು ಹಾಕಿ ಒರಳಲ್ಲಿ ತಿರುವಿ, ಬೆಳಗ್ಗಿನ ಗಂಜಿಗೆ ಹಚ್ಚಿಕೊಂಡರೆ ಏನಾಗುತ್ತದೆಂದು ಬರೆದೆ. ಮಾಡಲಾಗದ್ದನ್ನು ಬರೆದಾದರೂ ತಿನ್ನೋಣ ಎಂಬ ಆಸೆ. ಕೊನೆಗೆ ಒಂದು ಸಾಲು ಸೇರಿಸಿದೆ: "ನಮ್ಮ ಮಾಲೀಕರು ಊರಿಗೆಲ್ಲ ಮೀನು ಬಡಿಸುತ್ತಾರೆ, ತಮ್ಮ ಗೋಡೆಗಳಿಗೆ ಮಾತ್ರ ಉಪವಾಸ ಹಾಕಿದ್ದಾರೆ."

ಮರುದಿನ ನೋಡಿದರೆ ಲೇಖನ ಇಲ್ಲ. ಹೂವಿನ ಚಿತ್ರಗಳ ಸಮೇತ ಮಾಯ. ಕನ್ನಡ ಸಂಘದ ಕಾರ್ಯದರ್ಶಿ ಬಸವರಾಜಪ್ಪನವರಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯ ಸಜ್ಜನ.

"ನಂದೇನಿಲ್ಲ ಬಿಡ್ರಿ ಅಕ್ಕಾರ. ಅಧ್ಯಕ್ಷರು ತಗೀರಿ ಅಂದ್ರು, ತಗದೆ."

"ಅಧ್ಯಕ್ಷರು ಯಾರು?"

"ಅಯ್ಯ, ನಿಮ್ಮ ಮನಿ ಓನರೇ ಅಲ್ಲೇನ್ರೀ. ದಿವಾಕರ ಅವರು. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಈ ಊರಿನಲ್ಲಿ ನನ್ನ ಬರಹ ಓದಬಲ್ಲವರು ನಮ್ಮ ಕನ್ನಡದವರು ಮಾತ್ರ. ಹಾಗಾಗಿ ಅಪಾಯವೂ ಅವರಿಂದಲೇ ಎಂಬ ಸಾಮಾನ್ಯ ಜ್ಞಾನ ನನಗೆ ಆ ದಿನ ಬಂತು.

ಸಿಟ್ಟು ಬಂದರೆ ಬೇರೆಯವರು ಜಗಳ ಮಾಡುತ್ತಾರೆ. ನಾನು ಠಾಣೆಯ ಪಕ್ಕದ ಕಳವಾಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮವರ ಚಿಕ್ಕಪ್ಪನ ಮಗಳು ಸುಜಾತಾ ಇದ್ದಾಳೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಅಲ್ಲೇ. ಬೇಲಾಪುರದ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ನನ್ನಷ್ಟೇ ವಯಸ್ಸು. ಕನ್ನಡ ಎಲ್ಲ ತಿಳಿಯುತ್ತದೆ, ಓದಲು ಬರುವುದಿಲ್ಲ. ನನ್ನನ್ನು ಅತ್ತಿಗೆ ಎನ್ನದೆ ಮರಾಠಿಯಲ್ಲಿ ವಹಿನಿ ಎನ್ನುತ್ತಾಳೆ. ಅವಳ ಮನೆಯಲ್ಲಿ ಎರಡು ತುಂಡು ಬಂಗುಡೆ ತಿಂದು ಸುಧಾರಿಸಿಕೊಂಡು ಕತೆ ಹೇಳಿದೆ.

"ತೋ ಅಪ್ನಾ ಬ್ಲಾಗ್ ಮಾಡು ನಾ ವಹಿನಿ. ಫ್ರೀ ಮೇ ಮಿಲ್ತಾ ಹೈ."

"ಫ್ರೀ ಬೇಡ. ಸಂಘದ್ದೂ ಫ್ರೀಯೇ ಆಗಿತ್ತು. ಪುಕ್ಕಟೆ ಜಗಲಿ ಕೊಟ್ಟವರು ಯಾವಾಗ ಬೇಕಾದರೂ ಏಳು ಅನ್ನಬಹುದು. ಯಾರಿಗೂ ಎಬ್ಬಿಸಲಿಕ್ಕೆ ಆಗದಂಥ ಜಾಗ ಉಂಟಾ ಹೇಳು."

ಅವಳು ಮೀನಿನ ಮುಳ್ಳು ತೆಗೆಯುತ್ತ ಯೋಚಿಸಿದಳು. "ಘರ್ ಪೆ ರಖ್ನಾ ಪಡೇಗಾ. ಅಪ್ನಾ ಮಶೀನ್, ಅಪ್ನಾ ಲೈನ್. ಮೈನೇ ಭೀ ಕಭೀ ಕಿಯಾ ನಹೀ." ತನ್ನದೇ ಯಂತ್ರ, ತನ್ನದೇ ತಂತಿ, ಮನೆಯಲ್ಲೇ ವೆಬ್‌ಸೈಟು. ತನಗೂ ಗೊತ್ತಿಲ್ಲದ ಕೆಲಸ ಎಂದು ಒಪ್ಪಿಕೊಂಡದ್ದರಿಂದ ನನಗೆ ಅವಳ ಮೇಲೆ ನಂಬಿಕೆ ಬಂತು. ಅಟ್ಟದ ಮೇಲಿದ್ದ ಅವಳ ಮಗನ ಹಳೆಯ ಕಂಪ್ಯೂಟರನ್ನು ಸೀರೆಯಲ್ಲಿ ಸುತ್ತಿ ಕೊಟ್ಟಳು. ಹೆಂಗಸರ ಡಬ್ಬಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಪಕ್ಕದವಳು, "ಗಣಪತಿ ಕಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು.

ಮುಂದಿನ ವಾರಗಳ ಬಗ್ಗೆ ಹೆಚ್ಚು ಹೇಳುವುದು ನನ್ನ ಮರ್ಯಾದೆಗೆ ಒಳ್ಳೆಯದಲ್ಲ. ಹಿಂದಿ ವೀಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಅವರು ಹೇಳಿದ್ದನ್ನು ಬರೆಯುವುದು, ಒಂದು ಚುಕ್ಕೆ ತಪ್ಪಿದರೆ ಬೈಸಿಕೊಳ್ಳುವುದು. ಯಂತ್ರ ಪದೇ ಪದೇ ಹೇಳುತ್ತಿದ್ದದ್ದು ಒಂದೇ: ನಿನಗೆ ಅನುಮತಿ ಇಲ್ಲ. ನನ್ನ ಮಡಿಲಲ್ಲಿ ಬಂದ ಯಂತ್ರಕ್ಕೂ ಸೊಸೈಟಿಯ ಗಾಳಿ ತಗುಲಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಆಜ್ಞೆಯ ಮುಂದೆ ಒಂದು ಸಣ್ಣ ಪದ ಸೇರಿಸಿದರೆ ಯಂತ್ರದ ಮಾಲೀಕರೇ ಹೇಳಿದ್ದೆಂದು ಅರ್ಥ; ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ಬಾಯಿ ಮುಚ್ಚಿ ಕೆಲಸ ಮಾಡುತ್ತದೆ. ಮಹಾರಾಷ್ಟ್ರ ರಾಜ್ಯದಲ್ಲಿ ನನ್ನನ್ನು ಮಾಲೀಕಳೆಂದು ಒಪ್ಪಿದ ಮೊದಲ ಜೀವ ಅದು. ಅವಶ್ಯಕತೆ ಇಲ್ಲದ ಕಡೆಯೂ ಆ ಪದ ಸೇರಿಸತೊಡಗಿದೆ.

ಇಂಟರ್ನೆಟ್ಟಿನವರಿಗೆ ಸ್ವಲ್ಪ ಹೆಚ್ಚು ಕೊಟ್ಟು ಬದಲಾಗದ ಒಂದು ನಂಬರು ತೆಗೆದುಕೊಂಡೆ. ಅದಿದ್ದರೆ ಮಾತ್ರ ಹೊರಗಿನವರಿಗೆ ನನ್ನ ಯಂತ್ರದ ದಾರಿ ಸಿಗುತ್ತದೆ. ಮನೆಗೇ ಶಾಶ್ವತ ವಿಳಾಸ ಇಲ್ಲದವಳಿಗೆ ತಂತಿಯಲ್ಲಿ ಶಾಶ್ವತ ವಿಳಾಸ. ಆಮೇಲೆ ರೌಟರಿನಲ್ಲಿ ಒಂದು ಬಾಗಿಲು ತೆರೆಯಬೇಕಿತ್ತು. ತೆರೆದ ದಿನ ಯಾರು ಯಾರು ಬಂದರೆಂದು ನೋಡಿದೆ. ಎಲ್ಲೆಲ್ಲಿಂದಲೋ ಯಾರು ಯಾರೋ ಒಳಗೆ ಬರಲು ಪ್ರಯತ್ನಿಸುತ್ತಿದ್ದರು. ಸುಜಾತಾಳಿಗೆ ಫೋನ್ ಮಾಡಿದೆ. "ಕುಛ್ ನಹೀ ವಹಿನಿ, ಅದು ಮನುಷ್ಯರಲ್ಲ, ಮಶೀನ್. ಬೆಲ್ ಬಜಾಕೆ ಭಾಗ್ತೇ ಹೈ. ಪಾಸ್‌ವರ್ಡ್ ದೊಡ್ಡದು ಇಡು, ಸೋ ಜಾ." ಪಾಸ್‌ವರ್ಡ್ ದೊಡ್ಡದು ಇಟ್ಟೆ. ನಿದ್ದೆ ಬರಲಿಲ್ಲ.

ಅಂತೂ ಬ್ಲಾಗ್ ತೆರೆಯಿತು. ಹೆಸರು 'ಸುಟ್ಟ ಸಿಗಡಿ'. ಮೊದಲ ಬರಹ, ಸಂಘದವರು ತೆಗೆದ ಅದೇ ಚಟ್ನಿ. ಒಂದು ಅಕ್ಷರ ಬದಲಿಸದೆ ಹಾಕಿದೆ. ಊರಿಗೆಲ್ಲ ಲಿಂಕ್ ಕಳಿಸಿದೆ.

ನಾಲ್ಕು ದಿನ ಕಳೆದು ಗಂಗೊಳ್ಳಿಯಿಂದ ತಂಗಿ ಶೋಭಾಳ ಫೋನು. "ಎಂತ ಅಕ್ಕ, ನಿನ್ ಬ್ಲಾಗ್ ಬೆಳಿಗ್ಗೆ ಇತ್ತ್, ಈಗ ಇಲ್ಲೆ. ಸಂಜಿಗೆ ಮತ್ತೆ ಬತ್ತ್. ಅದ್ಕೂ ಊಟದ ರಜೆ ಇತ್ತಾ?"

ನನಗೆ ಅರ್ಥವೇ ಆಗಲಿಲ್ಲ. ಎರಡು ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿದೆ. ಸುಜಾತಾ ಒಂದು ಆದಿತ್ಯವಾರ ಬಂದು ಕೂತು, ತಂತಿ ಎಲ್ಲ ಮುಟ್ಟಿ ನೋಡಿ, ಸರಿ ಇದೆ ಎಂದಳು. ಇಬ್ಬರೂ ಮಾರ್ಕೆಟ್ಟಿಗೆ ಹೊರಟೆವು. ನಾನು ಅಭ್ಯಾಸದಂತೆ ಗ್ಯಾಸ್ ಆರಿಸಿ, ನಳ್ಳಿ ತಿರುಗಿಸಿ, ಬಾಗಿಲ ಹಿಂದಿನ ಮೇನ್ ಸ್ವಿಚ್ ಕೆಳಗೆಳೆದು, ಬೀಗ ಹಾಕಿ, ಬೀಗ ಜಗ್ಗಿ ನೋಡಿದೆ. ಅವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ವಹಿನಿ, ಮೇನ್ ಬಂದ್ ಕಿಯಾ?"

"ಮತ್ತೆ? ಮನೆ ಬಿಟ್ಟು ಹೋಗುವಾಗ ಮೇನ್ ತೆಗೆಯುವುದಿಲ್ಲವಾ ನೀವು?"

"ಔರ್ ವೆಬ್‌ಸೈಟ್ ಯಾವುದರ ಮೇಲೆ ಚಾಲಣಾರ್, ಮೇಣಬತ್ತಿಯ ಮೇಲಾ?"

ಅವಳು ಮೆಟ್ಟಿಲ ಮೇಲೆ ಕೂತು ನಕ್ಕಳು, ಎದುರು ಮನೆಯವರು ಬಾಗಿಲು ತೆರೆದು ನೋಡುವಷ್ಟು. ಮೇನ್ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದೆವು. ಅದರಿಂದಲೂ ಪೂರ್ತಿ ಸರಿಯಾಗಲಿಲ್ಲ. ಕರಾವಳಿಯಲ್ಲಿ ಹುಟ್ಟಿದವರಿಗೆ ಆಕಾಶ ಗುರ್ರ್ ಎಂದರೆ ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ. ಸಿಡಿಲಿಗೆ ಟಿವಿ, ಫೋನು, ಮಿಕ್ಸಿ ಕೊಟ್ಟು ಕಲಿತ ವಿದ್ಯೆ ಅದು. ಇಲ್ಲಿಯವರು ಗುಡುಗಿದಾಗ ಚಹಾಕ್ಕೆ ನೀರಿಡುತ್ತಾರೆ. ನಾನು ರೌಟರ್ ಕೀಳುತ್ತೇನೆ. ಮಳೆಗಾಲದ ಮೊದಲ ವಾರ 'ಸುಟ್ಟ ಸಿಗಡಿ' ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಗಮ್ಮತ್ತೆಂದರೆ ಊರಿನವರು ಯಾರೂ ದೂರಲಿಲ್ಲ. ಬಂದ್ ಆದರೆ, "ಅಲ್ಲಿ ಗುಡುಗು ಕಾಣ್ತ್" ಎಂದು ಸುಮ್ಮನಾಗುತ್ತಿದ್ದರು. ಅವರೂ ಪ್ಲಗ್ಗು ಕಿತ್ತು ಕೂತವರೇ ತಾನೆ.

ಇಷ್ಟರಲ್ಲಿ ನಮ್ಮ ಹನ್ನೊಂದು ತಿಂಗಳು ಎರಡನೆಯ ಸಲ ತುಂಬುತ್ತ ಬಂತು. ಒಂದು ಮಧ್ಯಾಹ್ನ ದಿವಾಕರಣ್ಣ ತಾವೇ ಬಂದರು. ಹೋಟೆಲಿನ ಬಟ್ಟೆಯಲ್ಲೇ, ಒಗ್ಗರಣೆಯ ಪರಿಮಳ ಅವರ ಜೊತೆ ಒಳಗೆ ಬಂತು. ಅದಕ್ಕೆ ಸೊಸೈಟಿಯ ಅಡ್ಡಿ ಇದ್ದಂತೆ ಕಾಣಲಿಲ್ಲ. ನಮ್ಮವರು ಅಂದು ರಜೆ ಹಾಕಿದ್ದರು. ಚಹಾ ಕೊಟ್ಟೆ.

"ಅಕ್ಕ, ನೀವು ಬರೆಯುವುದು ನನಗೆ ಖುಷಿಯೇ. ಅದೊಂದು ಚಟ್ನಿದ್ದು ತೆಗೀರಿ. ಅಗ್ರಿಮೆಂಟ್ ನಾಳೆಯೇ ಮಾಡುವ, ಬಾಡಿಗೆ ಜಾಸ್ತಿ ಮಾಡುವುದಿಲ್ಲ."

"ಅದರಲ್ಲಿ ನಿಮ್ಮ ಹೆಸರಿಲ್ಲವಲ್ಲ, ಅಣ್ಣ."

"ಹೆಸರು ಎಂತಕ್ಕೆ? ಮಾಜಿವಾಡಾದಲ್ಲಿ ಬಂಗುಡೆಯವನು, ಡೊಂಬಿವಲಿಯಲ್ಲಿ ವೆಜ್ ಫ್ಲ್ಯಾಟ್. ನನ್ನ ಹೋಟೆಲಿನ ಹುಡುಗರೇ ಓದಿ ನಗ್ತಾರೆ ಮಾರಾಯ್ರೆ."

"ಮನೆಯಲ್ಲಿ ಮಾಡಬೇಡಿ ಎಂದಿರಿ, ಮಾಡಲಿಲ್ಲ. ಬರೆಯಬಾರದು ಅಂತ ಅಗ್ರಿಮೆಂಟಿನಲ್ಲಿ ಎಲ್ಲಿ ಉಂಟು?"

ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಈ ಫ್ಲ್ಯಾಟ್ ತೆಗೆದುಕೊಳ್ಳುವಾಗ ನನ್ನನ್ನು ಸೊಸೈಟಿ ಮೀಟಿಂಗಿನಲ್ಲಿ ನಿಲ್ಲಿಸಿ ಕೇಳಿದ್ದಾರೆ, ಗೊತ್ತುಂಟಾ? ಕುರ್ಚಿ ಕೊಡಲಿಲ್ಲ. ಮಚ್ಛೀವಾಲಾ, ಮೀನಿನವನು ಅಂತ. ಎಲ್ಲದಕ್ಕೂ ಹೂಂ ಅಂದೆ. ಮಕ್ಕಳಿಗೆ ಒಂದು ಆಸ್ತಿ ಆಗ್ಲಿ ಅಂತ. ಈಗ ನೀವು ಅದನ್ನು ಇಡೀ ಊರಿಗೆ ನೆನಪು ಮಾಡಿ ಕೊಡ್ತೀರಿ."

ನನಗೆ ಪಾಪ ಎನಿಸಿತು. ನಿಜವಾಗಿ. ಅವರೂ ಯಾವುದೋ ಲಿಫ್ಟಿನಲ್ಲಿ ಸಸ್ಯಾಹಾರಿಯಾದವರೇ. "ಹಾಗಾದರೆ ಇದನ್ನೂ ಬರೆಯಿರಿ ಅಣ್ಣ, ಕುರ್ಚಿ ಕೊಡದ್ದನ್ನು. ನನ್ನ ಚಟ್ನಿಯ ಕೆಳಗೇ ಹಾಕುತ್ತೇನೆ. ನನ್ನ ಜಾಗ, ಯಾರನ್ನೂ ಕೇಳಬೇಕಿಲ್ಲ."

"ನಿಮ್ಮ ಜಾಗವಾ?" ಅವರು ಎದ್ದರು. "ಆ ಡಬ್ಬಿ ಇರುವುದು ಯಾರ ಮನೆಯಲ್ಲಿ?"

ಯಾರೂ ಎಬ್ಬಿಸಲಾಗದ ಜಾಗ ಮಾಡುತ್ತೇನೆಂದು ಹೊರಟು, ಎಬ್ಬಿಸಬಲ್ಲವರ ಮನೆಯಲ್ಲೇ ಇಟ್ಟಿದ್ದೆ. ಹದಿನೈದು ದಿನದಲ್ಲಿ ತಿಳಿಸಿ ಎಂದು ಅವರು ಹೋದರು.

ಬಾಗಿಲು ಹಾಕಿದ ಮೇಲೆ ನಮ್ಮವರು ಊರಿನ ಮಾತಿಗೆ ಇಳಿದರು. "ಸುಮ್ನೆ ಕೂಕಂಬುಕೆ ಆತಿಲ್ಯಾ ನಿಂಗೆ? ಒಂದು ಚಟ್ನಿಗೆ ಮನಿ ಬಿಡ್ಕಾ?"

"ಚಟ್ನಿ ಮಾಡೂಕೆ ಬಿಡ್ಲಿಲ್ಲೆ, ಸುಮ್ನೆ ಕೂಕಂಡೆ. ಈಗ ಚಟ್ನಿ ಅಂತ ಹೇಳೂಕೂ ಇಲ್ಯಾ?"

"ಮನಿ ಎಲ್ಲಿ ಸಿಕ್ತ್? ಯಾರ್ ಹುಡುಕೂದ್?"

"ನಾನ್ ಹುಡುಕ್ತೆ. ಲಿಫ್ಟಂಗೆ ಮಾತಾಡೂಕೂ ನಾನೇ ಬತ್ತೆ."

ನಾನೇನು ವೀರವನಿತೆಯಲ್ಲ. ಆ ಹದಿನೈದು ದಿನದಲ್ಲಿ ಅಳಿಸುವ ಗುಂಡಿಯ ಮೇಲೆ ಎಷ್ಟು ಸಲ ಬೆರಳಿಟ್ಟೆನೋ. ಒತ್ತಿದರೆ ಮುಗಿಯಿತು, ಅದೇ ಮನೆ, ಅದೇ ಕಿಟಕಿ, ಅಡುಗೆಮನೆಯ ಕಟ್ಟೆಯಿಂದ ಕಾಣುವ ಅದೇ ಗುಡ್ಡದ ತುದಿ. ಯಂತ್ರ ಪ್ರತಿ ಸಲವೂ ವಿನಯದಿಂದ ಕೇಳುತ್ತಿತ್ತು, ಖಂಡಿತವಾಗಿ ಅಳಿಸಲೇ ಎಂದು. ಹಾಗೆ ಕೇಳದಿದ್ದರೆ ಅಳಿಸಿಬಿಡುತ್ತಿದ್ದೆನೋ ಏನೋ. ಕೇಳಿದ ಕೂಡಲೇ ನನಗೆ ಮೊಂಡುತನ ಬರುತ್ತಿತ್ತು.

ಮನೆ ಕಳವಾದಲ್ಲಿ ಸಿಕ್ಕಿತು, ಸುಜಾತಾಳ ಗಲ್ಲಿಯಿಂದ ಎರಡು ಗಲ್ಲಿ ಆಚೆ. ರೈಲಿನ ಕಾರ್ ಶೆಡ್ಡಿನ ಕಡೆ, ಒಂದು ಕೋಣೆ ಕಡಿಮೆ, ಲಿಫ್ಟೇ ಇಲ್ಲ. ಗುಡ್ಡದ ಬದಲು ಎದುರು ಮನೆಯವರ ಒಣಗಿದ ಬಟ್ಟೆ ಕಾಣುತ್ತದೆ. ನಮ್ಮವರಿಗೆ ಗಾಡಿ ಬದಲಿಸುವ ಠಾಣೆ ಈಗ ಒಂದೇ ಸ್ಟೇಷನ್ನಿನ ದೂರ, ಆದರೂ ಅದನ್ನು ಅವರು ಇನ್ನೂ ಲಾಭದಲ್ಲಿ ಸೇರಿಸಿಲ್ಲ. ಮನೆಯೊಡತಿ ಇಲ್ಲಿನ ಮೀನುಗಾರ ಕೋಲಿಗಳ ಹೆಂಗಸು, ಖಾಡಿಯ, ಎಂದರೆ ಹಿನ್ನೀರಿನ ಮೀನಿನ ಮೇಲೇ ಬೆಳೆದವಳು. ನಾನು ಮೊದಲೇ ನನ್ನ ಮುರುಕು ಮರಾಠಿಯಲ್ಲಿ, "ಆಮ್ಹೀ ಮಾಸೇ ಖಾತೋ," ಮೀನು ತಿನ್ನುವವರು ನಾವು, ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಗ? ಪಾಣೀ ಸಕಾಳೀಚ್ ಭರಾಯ್ಚ, ತೇ ಸಾಂಗತೇ," ಎಂದಳು: ತಿಂದರೆ ಏನೀಗ, ನೀರು ಬೆಳಗ್ಗೆಯೇ ತುಂಬಿಕೊಳ್ಳಬೇಕು, ಅದು ಹೇಳುತ್ತೇನೆ ಕೇಳು.

ಸಾಮಾನು ಸಾಗಿಸಿದ ಟೆಂಪೋದಲ್ಲಿ ಕಂಪ್ಯೂಟರನ್ನು ಹಿಂದೆ ಹಾಕಲು ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತಾಗ ಶೋಭಾಳ ಮೆಸೇಜು ಬಂತು: ಬ್ಲಾಗ್ ಇಲ್ಲ. ಇದೆ, ಹಪ್ಪಳದ ಡಬ್ಬಿಯ ಪಕ್ಕದಲ್ಲಿದೆ ಎಂದು ಬರೆದೆ. ಹೊಸ ಮನೆಯಲ್ಲಿ ಮೊದಲು ಹಾಲುಕ್ಕಿಸಿದೆ, ನಮ್ಮಮ್ಮನ ಭಯಕ್ಕೆ. ಹಾಲು ಉಕ್ಕಿದ ಮೇಲೆ ತಂತಿ ಚುಚ್ಚಿದೆ. ಇಂಟರ್ನೆಟ್ಟಿನವರಿಂದ ಹೊಸ ನಂಬರು ತೆಗೆದುಕೊಳ್ಳಬೇಕಾಯಿತು, ಎರಡು ದಿನ ಹೋರಾಡಬೇಕಾಯಿತು. ಚಟ್ನಿ ಇದ್ದ ಹಾಗೆಯೇ ಎದ್ದು ಬಂತು.

ತಿಂಗಳಾದ ಮೇಲೆ ದಿವಾಕರಣ್ಣನ ಫೋನು. ಡಿಪಾಸಿಟ್ಟಿನ ಮಾತೆಲ್ಲ ನೇರವಾಗಿ ಮುಗಿಸಿದರು, ಒಂದು ಪೈಸೆ ಹಿಡಿಯಲಿಲ್ಲ. ಕೊನೆಗೆ ಕೇಳಿದರು. "ಈಗ ನೀವು ನನ್ನ ಬಾಡಿಗೆಯವರಲ್ಲ. ಇನ್ನಾದ್ರೂ ತೆಗೀಬಹುದಲ್ಲ ಅಕ್ಕ?"

"ಬಾಡಿಗೆಯದ್ದು ಬಿಟ್ಟುಕೊಟ್ಟೆ ಅಣ್ಣ. ಇದು ಬಾಡಿಗೆಯದ್ದಲ್ಲ."

"ಆಯ್ತು," ಎಂದರು. "ಹೋಟೆಲಿಗಾದ್ರೂ ಬನ್ನಿ." ಇನ್ನೂ ಹೋಗಿಲ್ಲ. ಹೋಗುವುದಿಲ್ಲ ಎಂದೂ ಇಲ್ಲ.

ಈಗ ಈ ಮನೆಯಲ್ಲಿ ಸಿಗಡಿ ಹುರಿಯುತ್ತೇನೆ, ಕಿಟಕಿ ಹಾರು ಹೊಡೆದು. ರುಚಿ ಊರಿನದಲ್ಲ. ಇಲ್ಲಿನ ಸುಕಟ್ ಸಣ್ಣದು, ಉಪ್ಪು ಹೆಚ್ಚು. ಊರಿಗೆ ಹೋದಾಗ ತಂಗಿಯ ಮನೆಯಲ್ಲಿ ತಿಂದರೆ, ಉಪ್ಪು ಕಡಿಮೆಯಾಯಿತು ಎನಿಸಿತು. ಬಾಯಿ ಯಾವ ಕಡೆಗೆ ಸೇರಿತೋ ತಿಳಿಯಲಿಲ್ಲ. ಅವಳಿಗೆ ಹೇಳಲೂ ಇಲ್ಲ.

ಯಂತ್ರ ಮಂಚದ ಕೆಳಗೆ ಇದೆ. ಲೋಕಲ್ ಹಾದುಹೋದಾಗಲೆಲ್ಲ ನನ್ನ ಜೊತೆ ಅದೂ ನಡುಗುತ್ತದೆ. ಅದರ ಮುಂದುಗಡೆ ಒಂದು ಸಣ್ಣ ಹಳದಿ ದೀಪ. ಯಾರಾದರೂ ಓದಲು ಬಂದರೆ ಮಿಣಮಿಣ ಎನ್ನುತ್ತದೆ. ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಾಗ ನೋಡುತ್ತೇನೆ. ಗಂಗೊಳ್ಳಿಯಲ್ಲೋ ಬೈಂದೂರಿನಲ್ಲೋ ಊಟ ಮುಗಿಸಿ ಅಡ್ಡಾದ ಯಾರೋ ಫೋನ್ ಮುಟ್ಟಿರುತ್ತಾರೆ. ಇಲ್ಲಿ ನನ್ನ ಮಂಚದ ಕೆಳಗೆ ದೀಪ ಹತ್ತುತ್ತದೆ. ಹೀಗೆ ಊರಿನವರು ದಿನಾ ಬರುತ್ತಾರೆ, ಚಪ್ಪಲಿ ಕಳಚದೆ, ಚಹಾ ಕೇಳದೆ, ಸಿಗಡಿಯ ಪರಿಮಳ ಓದಿ ಹೋಗುತ್ತಾರೆ. ತಾವು ಕಳವಾಕ್ಕೆ ಬಂದು ಹೋದೆವೆಂದು ಅವರಿಗೆ ತಿಳಿಯುವುದೇ ಇಲ್ಲ.